ಬಿ.ಎ. ಮುಗೀತಾ ಇದೆ, ಮೈಸೂರಲ್ಲಿ ಭಾಷಾವಿಜ್ಞಾನ ಎಂ.ಎ. ಓದೋದು ಹೆಂಗಿರತ್ತೆ?

ಕೆರಗೋಡು ಹೈದ

ನಮಸ್ಕಾರ ಎಲ್ರಿಗೂ. ಮಂಡ್ಯದಲ್ಲಿ ಕೊನೇ ವರ್ಷದ ಬಿ.ಎ. ಓದ್ತಾ ಇದೀನಿ, ಐಚ್ಛಿಕ ಕನ್ನಡ ಮತ್ತೆ ಇತಿಹಾಸ. ಒಂದು ಸೆಮಿಸ್ಟರ್‌ನಲ್ಲಿ ಭಾಷಾವಿಜ್ಞಾನದ ಪತ್ರಿಕೆ ಇತ್ತು. ಧ್ವನಿಮಾ (ಪದದ ಅರ್ಥ ಬೇರೆ ಮಾಡೋ ಧ್ವನಿ) ಅಂದ್ರೇನು, ಆಕೃತಿಮಾ (ಅರ್ಥ ಇರೋ ಅತಿ ಚಿಕ್ಕ ತುಂಡು) ಅಂದ್ರೇನು, ಟಿಪ್ಪಣಿ ಬರೆಯಿರಿ, ಅಷ್ಟೇ. ನೋಟ್ಸ್ ಬಾಯಿಪಾಠ ಮಾಡಿ ಬರ್ದು ಮರ್ತೂ ಬಿಟ್ವಿ. ಒಂದ್ ವಿಷಯ ಮಾತ್ರ ತಲೇಲಿ ಕೂತಿದೆ. ಹಳಗನ್ನಡದ ಪಾಲ್ ಹಾಲಾಯ್ತು, ಪೂ ಹೂವಾಯ್ತು. ತಮಿಳ್ನೋರು ಇವತ್ತಿಗೂ ಪಾಲ್, ಪೂ ಅಂತಾರೆ. ನಮ್ಮೂರಲ್ಲಿ ಆ ಹಕಾರಾನೂ ಬಿಟ್ಟು ಆಲು, ಊವ ಅಂತೀವಿ. ಇದಕ್ಕೆ ಕಾಲೇಜಲ್ಲಿ ನಕ್ಕೋರೇ ಜಾಸ್ತಿ. ಪ ಹೋಗಿ ಹ ಬಂದ್ರೆ ಭಾಷೆಯ ಬೆಳವಣಿಗೆ, ಹ ಬಿದ್ದೋದ್ರೆ ಅಶುದ್ಧ ಉಚ್ಚಾರ, ಇದ್ಯಾವ ನ್ಯಾಯ?

ಮೈಸೂರಲ್ಲಿ ಎಂ.ಎ. ಭಾಷಾವಿಜ್ಞಾನ ಸೇರೋಣ ಅಂತ ಆಸೆ. ಮನೇಲಿ ಬಿ.ಎಡ್. ಮಾಡು ಅಂತಾವ್ರೆ. ಕ್ಲಾಸಲ್ಲಿ ನಿಜವಾಗ್ಲೂ ಏನು ಮಾಡಿಸ್ತಾರೆ, ಇಂಗ್ಲಿಷ್ ಅಷ್ಟಕ್ಕಷ್ಟೇ ಇರೋನು ದಡ ಸೇರ್ತಾನಾ, ಆಮೇಲೆ ಕೆಲಸ ಏನು? ಓದಿರೋರು ದಯವಿಟ್ಟು ಹೇಳಿ.

ಪಾಂಡವಪುರದ ಮೇಷ್ಟ್ರು

ತಮ್ಮಾ, ಮೊದಲು ಹೊಟ್ಟೆಪಾಡಿನ ಮಾತು. ನಮ್ಮ ಕಡೆಯ ಪದವಿ ಕಾಲೇಜುಗಳಲ್ಲಿ ಭಾಷಾವಿಜ್ಞಾನಕ್ಕೆ ಅಂತ ಬೇರೆ ಹುದ್ದೆ ನಾನು ಕಂಡಿಲ್ಲ. ಕನ್ನಡ ವಿಭಾಗದ ಒಂದು ಪತ್ರಿಕೆಯಾಗಿ ಬರುತ್ತೆ, ಅದನ್ನ ಕನ್ನಡ ಎಂ.ಎ. ಆದವರೇ ಪಾಠ ಮಾಡ್ತೀವಿ. ನೀನು ಭಾಷಾವಿಜ್ಞಾನದಲ್ಲಿ ಎಂ.ಎ. ಮಾಡಿ ಕನ್ನಡ ಅಧ್ಯಾಪಕನ ಹುದ್ದೆಗೆ ಅರ್ಜಿ ಹಾಕಿದರೆ ವಿಷಯ ಬೇರೆ ಅಂತ ಪಕ್ಕಕ್ಕಿಡ್ತಾರೆ. ಇದನ್ನ ತಿಳಿದೇ ಹೆಜ್ಜೆ ಇಡು. ಅಧ್ಯಾಪಕರ ಅರ್ಹತಾ ಪರೀಕ್ಷೆ ಯುಜಿಸಿ ನೆಟ್‌ನಲ್ಲಿ ಭಾಷಾವಿಜ್ಞಾನ ಪ್ರತ್ಯೇಕ ವಿಷಯವಾಗಿದೆ. ಅದರಲ್ಲಿ ಜೆಆರ್‌ಎಫ್ (ಸಂಶೋಧನೆಗೆ ಕೊಡೋ ಫೆಲೋಶಿಪ್) ಸಿಕ್ಕರೆ ಪಿಎಚ್.ಡಿ.ಗೆ ದಾರಿ ಸಲೀಸು. ಸಿಗದಿದ್ದರೆ ಅತಿಥಿ ಉಪನ್ಯಾಸಕನ ಕೆಲಸಕ್ಕೂ ಪರದಾಟ.

ಕನ್ನಡ ಎಂ.ಎ. ಮಾಡು, ಕೇಶಿರಾಜನ್ನ ಸರಿಯಾಗಿ ಓದು, ಭಾಷೆಯ ಮೇಲಿನ ಪ್ರೀತಿ ಅದರಲ್ಲೂ ತೀರುತ್ತೆ. ಇದು ನನ್ನ ಅಭಿಪ್ರಾಯ.

ಗಂಗೋತ್ರಿ ಹಳಬ

ಮೇಷ್ಟ್ರು ಹುದ್ದೆ ಬಗ್ಗೆ ಹೇಳಿದ್ದು ಸರಿ, ಅದಕ್ಕೆ ಎದುರು ಮಾತಿಲ್ಲ. ಆದ್ರೆ ಕನ್ನಡ ಎಂ.ಎ.ಯಲ್ಲಿ ಈ ಆಸೆ ತೀರತ್ತೆ ಅನ್ನೋದನ್ನ ನಾನು ಒಪ್ಪಲ್ಲ ಸರ್. ನಾನು ಗಂಗೋತ್ರಿಯಲ್ಲಿ, ಅಂದ್ರೆ ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿ ಆವರಣದಲ್ಲಿ, ಭಾಷಾವಿಜ್ಞಾನ ಓದಿದವನು, ಈಗ ಬೇರೆ ಕೆಲಸದಲ್ಲಿದೀನಿ.

ಹೈದ, ಮೊದಲು ಊರ ನಕ್ಷೆ. ಎಂ.ಎ. ಇರೋದು ಮೈಸೂರು ವಿಶ್ವವಿದ್ಯಾಲಯದ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆಯಲ್ಲಿ. ಅದೇ ಮಾನಸಗಂಗೋತ್ರಿಯಲ್ಲಿ ಭಾರತೀಯ ಭಾಷಾ ಸಂಸ್ಥಾನ ಇದೆ. 1969ರಲ್ಲಿ ಶುರುವಾದದ್ದು, ಕೇಂದ್ರ ಸರ್ಕಾರದ್ದು, ಮೊದಲ ನಿರ್ದೇಶಕರು ಡಿ.ಪಿ. ಪಟ್ಟನಾಯಕ್. ತುಂಬ ಜನ ಎರಡನ್ನೂ ಒಂದೇ ಅಂದ್ಕೊಂಡು ಅಲ್ಲಿ ಹೋಗಿ ಎಂ.ಎ. ಅರ್ಜಿ ಕೇಳ್ತಾರೆ. ಅದು ಸಂಶೋಧನಾ ಸಂಸ್ಥೆ. ವಿದ್ಯಾರ್ಥಿಗೆ ಅದರಿಂದ ಆಗೋ ದೊಡ್ಡ ಉಪಕಾರ ಗ್ರಂಥಾಲಯ, ಆಮೇಲೆ ಅಲ್ಲಿ ನಡೆಯೋ ಉಪನ್ಯಾಸಗಳು.

ಇನ್ನು ಕ್ಲಾಸಲ್ಲಿ ಏನು ಮಾಡಿಸ್ತಾರೆ ಅನ್ನೋದು. ವ್ಯಾಖ್ಯೆ ಬರೆಸೋ ಮೇಷ್ಟ್ರು ಅಲ್ಲೂ ಸಿಗ್ತಾರೆ, ಸುಳ್ಳು ಯಾಕೆ ಹೇಳಲಿ. ಆದ್ರೆ ಒಳ್ಳೇ ಕ್ಲಾಸ್ ಹಿಂಗಿರತ್ತೆ: ಬೋರ್ಡ್ ಮೇಲೆ ಒಂದಷ್ಟು ಪದ ಬರೀತಾರೆ, ಇದರಲ್ಲಿ ಏನು ನಡೀತಿದೆ ಹೇಳಿ ಅಂತ ಸುಮ್ಮನೆ ನಿಲ್ತಾರೆ. ನಿನಗೊಂದು ಕೊಡ್ತೀನಿ, ನಿಮ್ಮೂರಿನದೇ.

ಬ್ಯಾಳೆ, ಪ್ಯಾಟೆ, ಮ್ಯಾಕೆ, ಬ್ಯಾರೆ, ಬ್ಯಾಡ, ಬ್ಯಾಸರ, ಬ್ಯಾಟೆ.

ಬೇಲಿ, ಕೇರಿ, ಏಣಿ, ಬೇರು, ಬೇವು, ಮೇವು, ಬೇಕು.

ಮೊದಲ ಸಾಲಿನ ಎಲ್ಲದರಲ್ಲೂ ಬರವಣಿಗೆಯ ಏಕಾರ ಊರ ಮಾತಲ್ಲಿ ಯಾ ಥರ ಬಾಯಿ ಅಗಲಿಸಿ ಬರತ್ತೆ. ಎರಡನೇದರಲ್ಲಿ ನಿಮ್ಮಜ್ಜಿ ಸತ್ರೂ ಬ್ಯಾಲಿ, ಬ್ಯಾವು, ಬ್ಯಾಕು ಅನ್ನಲ್ಲ. ಯಾಕೆ? ಬೇರೆ ಅನ್ನೋದು ಬ್ಯಾರೆ ಆಗತ್ತೆ, ಬೇರು ಮಾತ್ರ ಬೇರಾಗೇ ಉಳಿಯತ್ತೆ. ಉತ್ತರ ಗೂಗಲ್ ಮಾಡ್ಬೇಡ. ಒಂದು ರಾತ್ರಿ ಕೂತು ನೋಡು. ಇದು ನಿನ್ನ ನಿದ್ದೆ ಕೆಡಿಸಿದ್ರೆ ಸೇರು. ಕೆಡಿಸದಿದ್ರೆ ಬಿ.ಎಡ್. ಮಾಡು, ಅದೂ ಒಳ್ಳೇ ಕೆಲಸವೇ.

ಶ್ರವಣ ಅಕ್ಕ

ಒಂದು ವಿಷಯ ಸ್ಪಷ್ಟ ಮಾಡ್ಬೇಕು. ಗಂಗೋತ್ರಿಯಲ್ಲೇ ಇರೋ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿದೋಳು ನಾನು. ಭಾಷಾವಿಜ್ಞಾನ ಎಂ.ಎ. ಮಾಡಿದ್ರೆ ಸ್ಪೀಚ್ ಥೆರಪಿಸ್ಟ್ ಆಗಬಹುದು ಅಂತ ಯಾರೋ ಹೇಳಿ ಬಂದ ಮಕ್ಕಳನ್ನ ನೋಡಿದೀನಿ. ಆಗಲ್ಲ ಪುಟ್ಟ. ಅದಕ್ಕೆ ವಾಕ್ ಶ್ರವಣದ ಪದವಿಯೇ ಬೇಕು, ಪಿಯುಸಿಯಲ್ಲಿ ವಿಜ್ಞಾನ ಬೇಕು, ಪ್ರವೇಶ ಪರೀಕ್ಷೆ ಇದೆ, ಆಮೇಲೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು.

ಆದ್ರೆ ಉಲ್ಟಾ ಕಡೆಯಿಂದ ಹೇಳ್ತೀನಿ, ನಮಗೆ ಭಾಷಾವಿಜ್ಞಾನ ಪಠ್ಯದಲ್ಲೇ ಇತ್ತು, ಅದು ದಿನಾ ಕೆಲಸಕ್ಕೆ ಬರತ್ತೆ. ಮಳವಳ್ಳಿ ಕಡೆಯಿಂದ ಮಗು ಕರ್ಕೊಂಡು ಬಂದ ತಾಯಿ, ಇವನು ಹಾಲಿಗೆ ಆಲು ಅಂತಾನೆ ಮೇಡಂ ಅಂತ ಶಾಲೆಯವರು ಕಳಿಸಿದ ಚೀಟಿ ತೋರಿಸ್ತಾರೆ. ಆ ತಾಯಿ ಮಾತಲ್ಲೂ ಹ ಇಲ್ಲ! ಮಗು ಮನೆಯ ಮಾತನ್ನ ಸರಿಯಾಗೇ ಕಲಿತಿದೆ. ಅದು ತೊದಲಲ್ಲ, ದೋಷ ಅಲ್ಲ. ಅದೇ ಮಗು ಟ ಬರಬೇಕಾದ ಕಡೆಯೆಲ್ಲ ತ ಅಂದ್ರೆ, ಮನೆಯವರು ಯಾರೂ ಹಾಗನ್ನದಿದ್ರೆ, ಆಗ ಕೂತು ನೋಡ್ತೀವಿ. ಈ ವ್ಯತ್ಯಾಸ ಗೊತ್ತಿಲ್ಲದವರ ಕೈಗೆ ಸಿಕ್ಕ ಮಗುವಿನ ಗತಿ ಯೋಚಿಸಿ.

ಕೆರಗೋಡು ಹೈದ

ಹಳಬ ಅಣ್ಣ, ನಿದ್ದೆ ಕೆಟ್ಟಿದ್ದು ನಿಜ. ಮುಂದಿನ ಅಕ್ಷರ ನೋಡ್ಬೇಕು ಅಲ್ವಾ? ಬ್ಯಾಳೆ, ಪ್ಯಾಟೆ, ಬ್ಯಾಡ, ಬ್ಯಾಸರ ಇದ್ರಲ್ಲೆಲ್ಲ ಮುಂದೆ ಅ ಅಥವಾ ಎ ಇದೆ. ಬೇಲಿ, ಬೇರು, ಬೇವು, ಬೇಕು ಇವುಗಳಲ್ಲಿ ಮುಂದೆ ಇ ಅಥವಾ ಉ. ಅಂದ್ರೆ ಮುಂದಿನ ಸ್ವರಕ್ಕೆ ಬಾಯಿ ಅಗಲ ಆಗೋದಿದ್ರೆ ಈ ಸ್ವರಕ್ಕೂ ಆಗಲೇ ಅಗಲ ಆಗ್ಬಿಡತ್ತೆ. ಸರೀನಾ? ಆದ್ರೆ ದೇವ್ರು ಅನ್ನೋದು ನಮ್ಮೂರಲ್ಲಿ ದ್ಯಾವ್ರು. ಅದ್ರಲ್ಲಿ ಮುಂದೆ ಇರೋದು ಉ. ಅಲ್ಲಿ ಕೆಟ್ಟೋಯ್ತು ನನ್ನ ಲೆಕ್ಕ.

ಗಂಗೋತ್ರಿ ಹಳಬ

ಭಲೇ! ಲೆಕ್ಕ ಕೆಟ್ಟಿಲ್ಲ, ದ್ಯಾವ್ರು ಅನ್ನೋದನ್ನ ನೀನಾಗೇ ತಂದೆ ನೋಡು, ಎರಡನೇ ಸೆಮಿಸ್ಟರ್‌ಗೆ ಹೋದೆ.

ಮೊದಲ ಹಂತ ಹೇಳ್ಬಿಡ್ತೀನಿ. ಒಂದು ಬರೋ ಜಾಗದಲ್ಲಿ ಇನ್ನೊಂದು ಬರಲ್ಲ, ಇದಕ್ಕೆ ಪೂರಕ ಪ್ರಸಾರ ಅಂತಾರೆ. ಹಾಗಿದ್ರೆ ಎರಡು ಸ್ವರಗಳೂ ಒಂದೇ ಧ್ವನಿಮೆಯ ಎರಡು ರೂಪ. ನೀನು ಬಾಯಿಪಾಠ ಮಾಡಿದ ವ್ಯಾಖ್ಯೆ ಇದೇ. ತಕ್ಷಣ ಮೇಷ್ಟ್ರು ಕೇಳ್ತಾರೆ: ಬ್ಯಾಟು, ಬ್ಯಾಗು? ಮುಂದೆ ಉ ಇದ್ರೂ ಯಾ ಬಂತಲ್ಲ! ಅವು ಇಂಗ್ಲಿಷಿಂದ ಬಂದವು. ಬಂದು ಊರವರ ಬಾಯಲ್ಲಿ ಕೂತಿವೆ. ಈಗಲೂ ಒಂದೇ ಧ್ವನಿಮೆ ಅಂತೀಯಾ, ಎರಡಾಯ್ತು ಅಂತೀಯಾ? ನಮ್ಮ ಕ್ಲಾಸಲ್ಲಿ ಇದರ ಮೇಲೆ ಕ್ಯಾಂಟೀನ್ ತನಕ ಜಗಳ ಆಗಿತ್ತು.

ಈಗ ನಿನ್ನ ದ್ಯಾವ್ರು. ಪದದ ಮೂಲ ದೇವರು. ವಕಾರದ ಮೇಲೆ ಅ ಇದೆ. ಆ ಅಕಾರ ನೋಡಿ ಏ ಅಗಲ ಆಯ್ತು, ಆಮೇಲೆ ಆ ಅಕಾರವೇ ಬಿದ್ದೋಯ್ತು. ಕಾರಣ ಕಾಣೆಯಾಗಿ ಪರಿಣಾಮ ಮಾತ್ರ ಉಳ್ಕೊಂಡಿದೆ. ಇದರ ಪಕ್ಕಕ್ಕೆ ಕೇಳ್ದ ಇಟ್ಕೊ. ಅದು ಕೇಳಿದ. ಅಲ್ಲಿ ಬಿದ್ದಿದ್ದು ಇಕಾರ, ಅದಕ್ಕೇ ಕ್ಯಾಳ್ದ ಆಗಲಿಲ್ಲ. ಎರಡು ನಿಯಮ ಒಂದಾದ ಮೇಲೊಂದು ಕೆಲಸ ಮಾಡ್ತಿವೆ, ಯಾವುದು ಮೊದಲು ಅನ್ನೋದು ಮುಖ್ಯ.

ಎಂ.ಎ. ಮುಗಿಸಿ ಮುಂದೆ ಹೋದ್ರೆ ಇದೇ ಎರಡು ಪದ ಮತ್ತೆ ಸಿಗತ್ತೆ. 1993ರಿಂದೀಚೆಗೆ ಆಪ್ಟಿಮಾಲಿಟಿ ಸಿದ್ಧಾಂತ ಅಂತ ಒಂದು ಬಂತು. ನಿಯಮಗಳು ಸರದಿಯಲ್ಲಿ ನಿಲ್ಲಲ್ಲ, ನಿರ್ಬಂಧಗಳೆಲ್ಲ ಒಟ್ಟಿಗೇ ತೂಗ್ತವೆ ಅನ್ನೋ ವಾದ. ಹಾಗಾದ್ರೆ ಮೇಲೆ ಕಾಣದೇ ಇರೋ ಅಕಾರದ ಪ್ರಭಾವ ಎಲ್ಲಿಂದ ಬಂತು? ಅಪಾರದರ್ಶಕತೆ ಅಂತ ಇದಕ್ಕೊಂದು ಹೆಸರೇ ಇದೆ, ಆ ಸಿದ್ಧಾಂತಕ್ಕೆ ಬಹಳ ತಲೆನೋವು ಕೊಟ್ಟ ಸಮಸ್ಯೆ.

ಪಾಂಡವಪುರದ ಮೇಷ್ಟ್ರು

ಹಳಬರೇ, ಒಂದು ತಕರಾರು. ನಮ್ಮ ಕಡೆ 'ಹೋಗ್ಬ್ಯಾಡಿ ಸಾ' ಅಂತಾರೆ. ಮುಂದೆ ಇರೋದು ಇಕಾರ. ಯಾ ಹೇಗೆ ಬಂತು?

ಗಂಗೋತ್ರಿ ಹಳಬ

ಸರ್, ಕೆಲಸ ಸಿಗಲ್ಲ ಅಂತ ಹೆದರಿಸಿ ನೀವೇ ಕ್ಲಾಸಿಗೆ ಬಂದು ಕೂತ್ರಲ್ಲ! ಅದೇ ಊರಲ್ಲಿ ಪೊಲೀಸ್ನೋರು ಕೈಗೆ ಹಾಕೋದಕ್ಕೆ ಏನಂತಾರೆ? ಬೇಡಿ. ಬ್ಯಾಡಿ ಅಲ್ಲ. ಅಂದ್ರೆ 'ಹೋಗ್ಬ್ಯಾಡಿ'ಯಲ್ಲಿ ಜನ ಬ್ಯಾಡ ಅನ್ನೋ ತಯಾರಾದ ಪದಕ್ಕೆ ಮರ್ಯಾದೆಯ ಇಕಾರ ಸೇರಿಸ್ತಿದಾರೆ. ಬ್ಯಾಡ ಇರೋವರೆಗೂ ಬ್ಯಾಡಿ ಇರತ್ತೆ. ಸಾದೃಶ್ಯ ಅಂತ ನೀವೇ ಪಾಠ ಮಾಡ್ತೀರಲ್ಲ, ಅದು.

ಟೋಕನ್ ಗೌಡ

ಬೆಂಗಳೂರಲ್ಲಿ ಭಾಷಾ ತಂತ್ರಜ್ಞಾನದ ಕಂಪನಿಯಲ್ಲಿದೀನಿ, ಊರು ಶ್ರೀರಂಗಪಟ್ಟಣ. ಕೆಲಸದ ಬಗ್ಗೆ ನನ್ನ ಎರಡು ಮಾತು. 2022ರಲ್ಲಿ ಕೇಂದ್ರ ಸರ್ಕಾರದ ಯಂತ್ರಾನುವಾದದ ಭಾಷಿಣಿ ಯೋಜನೆ ಬಂದ ಮೇಲೆ ಭಾರತೀಯ ಭಾಷೆಗಳ ದತ್ತಾಂಶ ಬೇಕು ಅನ್ನೋರು ಜಾಸ್ತಿ ಆಗಿದಾರೆ. ಭಾಷಾ ಸಂಸ್ಥಾನದಲ್ಲಿ ಭಾಷಾ ದತ್ತಾಂಶದ ಯೋಜನೆ ಅದಕ್ಕೂ ಎಷ್ಟೋ ಮೊದಲಿಂದ ನಡೀತಿದೆ. ಆದ್ರೆ ಈ ಕೆಲಸಗಳಲ್ಲಿ ಹೆಚ್ಚಿನವು ಗುತ್ತಿಗೆ. ಯೋಜನೆ ಮುಗಿದ್ರೆ ಕೆಲಸವೂ ಮುಗೀತು. ವಾಕ್ಯಕ್ಕೆ ಲೇಬಲ್ ಹಚ್ಚೋ ಕೆಲಸಕ್ಕೆ ಎಂ.ಎ. ಮಾಡಿದವರನ್ನ ಕೂರಿಸಿ ಪುಡಿಗಾಸು ಕೊಡೋ ಕಡೆ ನಾನೂ ದುಡಿದಿದೀನಿ, ಹೆಸರು ಬೇಡ.

ಅದರಾಚೆ ಹೋಗಬೇಕಂದ್ರೆ ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಕಲಿಯಪ್ಪ. ನಮ್ಮ ತಂಡದಲ್ಲಿ ಎಂಜಿನಿಯರುಗಳಿಗೆ ಬರವಿಲ್ಲ. 'ಬರೆಯಲಾರದವರಿಗಾಗಿ' ಅನ್ನೋ ಒಂದು ಪದ ನೋಡಿ, ಅದನ್ನ ಯಂತ್ರ ಎಲ್ಲೆಲ್ಲೋ ಕತ್ತರಿಸಿದಾಗ ಇಲ್ಲಿ ಕತ್ತರಿಸಬೇಕಿತ್ತು, ಯಾಕೆಂದ್ರೆ ಇದು ಧಾತು, ಇದು ನಿಷೇಧ, ಇದು ಬಹುವಚನ, ಇದು ವಿಭಕ್ತಿ ಅಂತ ಹೇಳೋರು ಇಲ್ಲ. ಎರಡೂ ಬಲ್ಲವರು ಸಿಕ್ಕಿದ್ರೆ ನಾವು ಬಿಡಲ್ಲ.

ಸರಸ್ವತಿಪುರಂ ಸುಬ್ಬಿ

ಹುಡುಗ ಕೇಳಿದ ಇಂಗ್ಲಿಷ್ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟೇ ಇಲ್ಲ 🙂

ಕುಕ್ಕರಹಳ್ಳಿ ಏರಿ

ನಾನು ಕೊಡ್ತೀನಿ. ಸದ್ಯ ಪಿಎಚ್.ಡಿ. ಮಾಡ್ತಿದೀನಿ, ಮೈಸೂರಲ್ಲಿ ಎಂ.ಎ. ಮುಗಿಸಿ ಹೊರ ರಾಜ್ಯಕ್ಕೆ ಬಂದೋಳು. ಕನ್ನಡ ಮಾಧ್ಯಮ, ಹಳ್ಳಿ ಶಾಲೆ.

ಓದಬೇಕಾದ್ದು ಬಹುತೇಕ ಇಂಗ್ಲಿಷಲ್ಲೇ ಇದೆ. ಮೊದಮೊದಲು ಒಂದು ಪುಟಕ್ಕೆ ಒಂದು ಸಂಜೆ ಹೋಗತ್ತೆ. ಆದ್ರೆ ಈ ಶಾಸ್ತ್ರದ ಇಂಗ್ಲಿಷ್ ಕಥೆ ಕಾದಂಬರಿಯ ಇಂಗ್ಲಿಷ್ ಅಲ್ಲ. ಅದೇ ಪದಗಳು ಮತ್ತೆ ಮತ್ತೆ ಬರ್ತವೆ. ಲೇಖನದ ಉದಾಹರಣೆಗಳನ್ನ ಮೊದಲು ಓದು, ಆಮೇಲೆ ವಿವರಣೆ ಓದು. ಪ್ರತಿ ಉದಾಹರಣೆಗೂ ಮೂರು ಸಾಲು ಇರತ್ತೆ: ಮೂಲ ವಾಕ್ಯ, ಅದರ ಕೆಳಗೆ ತುಂಡು ತುಂಡಾಗಿ ಪ್ರತ್ಯಯಗಳ ಅರ್ಥ, ಅದರ ಕೆಳಗೆ ಅನುವಾದ. ಆ ಮೂರು ಸಾಲು ಓದೋಕೆ ಬಂದ್ರೆ ಅರ್ಧ ಲೇಖನ ಕೈಗೆ ಬಂತು. ಪಟ್ಟಣದ ಇಂಗ್ಲಿಷ್ ಹುಡುಗರು ನನಗಿಂತ ವೇಗವಾಗಿ ಓದ್ತಿದ್ರು. ಅವರ ಹತ್ತಿರ ಇಲ್ಲದ್ದು ನನ್ನ ಹತ್ತಿರ ಇತ್ತು, ಬಾಯಲ್ಲಿ ಒಂದು ಊರ ಭಾಷೆ.

ಸೆಮಿನಾರ್ ಅಂದ್ರೆ ಏನು ಅಂತ ಎಂ.ಎ.ಯಲ್ಲಿ ಗೊತ್ತಾಗಲ್ಲ. ಪಿಎಚ್.ಡಿ.ಯಲ್ಲಿ ಗೊತ್ತಾಗತ್ತೆ, ವಾರಕ್ಕೊಂದು ಲೇಖನ. ಒಬ್ಬರು ಮಂಡಿಸ್ತಾರೆ, ಉಳಿದವರು ಅದನ್ನ ಹರಿದು ಹಾಕೋಕೆ ಕೂತಿರ್ತಾರೆ. ಲೇಖಕರು ಎಷ್ಟೇ ದೊಡ್ಡೋರಾಗಿರ್ಲಿ, 'ಈ ವಾಕ್ಯ ನಮ್ಮ ಭಾಷೆಯಲ್ಲಿ ಹೀಗೆ ಬರಲ್ಲ' ಅಂತ ಯಾರಾದ್ರೂ ಅಂದ್ರೆ ಮಾತು ಅಲ್ಲಿಗೇ ನಿಲ್ಲತ್ತೆ. ನಾನು ಒಂದ್ಸಲ ಹಾಗೆ ತಂದ ವಾಕ್ಯ ಇದು: 'ಸೋಮ ತಾನು ಬರ್ತೀನಿ ಅಂದ.' ನಾವು ದಿನಾ ಆಡೋ ಮಾತು. ತಾನು ಅನ್ನೋದು ಅವನು, ಅವಳು ಥರ ಪ್ರಥಮ ಪುರುಷದ ಪದ, ಸೋಮನನ್ನ ತೋರಿಸತ್ತೆ. ಕ್ರಿಯಾಪದ ನೋಡಿ, ಬರ್ತೀನಿ! ನಾನು ಜೊತೆ ಬರಬೇಕಾದ್ದು. ಕರ್ತೃ ಒಂದು ಹೇಳತ್ತೆ, ಕ್ರಿಯಾಪದ ಇನ್ನೊಂದು ಹೇಳತ್ತೆ, ಆದ್ರೂ ವಾಕ್ಯ ಸರಿ. ಶಾಲೆ ವ್ಯಾಕರಣದಲ್ಲಿ ಕರ್ತೃವಿಗೆ ತಕ್ಕ ಕ್ರಿಯಾಪದ ಅಂತ ಹೇಳಿ ಮುಂದಕ್ಕೆ ಹೋಗ್ತಾರೆ. ತೆಲುಗು, ತಮಿಳಿನಲ್ಲೂ ಇದೇ ಥರ ಇರೋದ್ರಿಂದ ಇದರ ಮೇಲೆ ಸಾಕಷ್ಟು ಬರವಣಿಗೆ ನಡೆದಿದೆ.

ಕನ್ನಡ ಅಂದ್ರೆ ಹೊರಗಡೆ ಯಾರು ಕೇಳ್ತಾರೆ ಅನ್ನೋರಿಗೆ ಇನ್ನೊಂದು. ಲಿಡ್ಜ್ ಮತ್ತು ಇಬ್ಬರು ಗ್ಲೈಟ್‌ಮನ್‌ಗಳು ಅನ್ನೋ ಸಂಶೋಧಕರು 2003ರಲ್ಲಿ ಪ್ರಕಟಿಸಿದ ಅಧ್ಯಯನ ಇದೆ, ಕನ್ನಡ ಆಡೋ 3 ವರ್ಷದ ಮಕ್ಕಳ ಮೇಲೆ. ಏರು, ಏರಿಸು ನೋಡಿ. ಮಾಡಿಸೋ ಅರ್ಥ ಕೊಡೋದು ಇಸು ಪ್ರತ್ಯಯ, ಕನ್ನಡದಲ್ಲಿ ಇದಕ್ಕಿಂತ ನಂಬಿಕಸ್ತ ಗುರುತಿಲ್ಲ. ಮಕ್ಕಳ ಮುಂದೆ ಆಟಿಕೆ ಪ್ರಾಣಿಗಳನ್ನಿಟ್ಟು, ಇಸು ಇರೋ ವಾಕ್ಯ, ಇಲ್ಲದ ವಾಕ್ಯ, ಒಂದು ನಾಮಪದ ಇರೋದು, ಎರಡು ಇರೋದು, ಎಲ್ಲ ಕೊಟ್ಟು ಆಡಿ ತೋರಿಸು ಅಂದ್ರು. ಮಕ್ಕಳು ಇಸು ಕಡೆ ಗಮನವೇ ಕೊಡಲಿಲ್ಲ. ವಾಕ್ಯದಲ್ಲಿ ಎರಡು ನಾಮಪದ ಇದ್ರೆ ಒಂದು ಇನ್ನೊಂದಕ್ಕೆ ಮಾಡಿಸ್ತು ಅಂತ ಆಡಿ ತೋರಿಸಿದ್ವು, ಒಂದೇ ಇದ್ರೆ ಇಲ್ಲ. ಕಿವಿಗೆ ಬೀಳೋ ಗುರುತಿಗಿಂತ ನಾಮಪದಗಳ ಲೆಕ್ಕವನ್ನೇ ಮಕ್ಕಳು ನಂಬ್ತಾರೆ ಅಂದ್ರೆ ಅದು ಹುಟ್ಟಿನಿಂದ ಬಂದದ್ದಾ ಅನ್ನೋ ದೊಡ್ಡ ವಾದಕ್ಕೆ ನಮ್ಮ ಇಸು ಸಾಕ್ಷಿ ಹೇಳಿತು. ಈ ವಾದವನ್ನ ನಾನು ಪೂರ್ತಿ ಒಪ್ಪಲ್ಲ. ಒಪ್ಪದೇ ಇರೋಕೂ ಒಂದು ಅವಧಿಯೆಲ್ಲ ಓದಬೇಕಾಯ್ತು.

ಪಾಂಡವಪುರದ ಮೇಷ್ಟ್ರು

ಏರಿಯವರೇ, ಕ್ಷೇತ್ರಕಾರ್ಯದ ಬಗ್ಗೆಯೂ ಹೇಳಿ. ಹುಡುಗನಿಗೆ ಉಪಯೋಗ.

ಕುಕ್ಕರಹಳ್ಳಿ ಏರಿ

ಹೇಳ್ತೀನಿ ಸರ್. ಮೈಸೂರಿಗೆ ಈ ಭಾಗ್ಯ ಇದೆ, ಹೆಗ್ಗಡದೇವನಕೋಟೆ ಕಡೆಗೆ ಬಸ್ ಹತ್ತಿದ್ರೆ ಜೇನುಕುರುಬರ, ಬೆಟ್ಟಕುರುಬರ ಹಾಡಿಗಳು, ಇತ್ಲಾಗೆ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು. ಪದಪಟ್ಟಿ ಹಿಡ್ಕೊಂಡು ಹೋಗೋದು ಸುಲಭ. ಕಷ್ಟ ಇರೋದು ಇಲ್ಲಿ: ನೀನು ಕನ್ನಡದಲ್ಲಿ ಕೇಳಿದ್ರೆ ಅವರು ಕನ್ನಡದಲ್ಲೇ ಹೇಳ್ತಾರೆ. ಪ್ಯಾಂಟು ಹಾಕ್ಕೊಂಡು ಪುಸ್ತಕ ಹಿಡಿದು ಬಂದವರೆಲ್ಲ ಅವರ ಪಾಲಿಗೆ ಫಾರೆಸ್ಟ್ನೋರು ಇಲ್ಲ ಪಂಚಾಯ್ತಿಯವರು. ಅವರ ಮುಂದೆ ಆಡೋ ಮಾತೇ ಬೇರೆ. ನೆಲ ಗುಡಿಸ್ತಾ ಮಗಳನ್ನ ಬೈಯೋ ಅಜ್ಜಿಯ ಬಾಯಲ್ಲಿ ಬಂದ ಪದ ಒಂದು, ಹಾಳೆ ನೋಡಿ ಕೇಳಿದಾಗ ಅದೇ ಅಜ್ಜಿ ಕೊಟ್ಟ ಪದ ಇನ್ನೊಂದು. ಅದಕ್ಕೇ ಒಪ್ಪಿಗೆ ತಗೊಂಡು, ರೆಕಾರ್ಡರ್ ಆನ್ ಇದೆ ಅಂತ ಹೇಳಿ, ಕಥೆ ಹೇಳಿಸೋದೇ ವಾಸಿ. ಒಂದು ಗಂಟೆ ರೆಕಾರ್ಡಿಂಗ್ ಬರೆದುಕೊಳ್ಳೋಕೆ ದಿನಗಟ್ಟಲೆ ಹಿಡಿಯತ್ತೆ, ಅದನ್ನ ಯಾರೂ ಮುಂಚೆ ಹೇಳಲ್ಲ.

ಇದು ಭಾಷೆಯೋ ಉಪಭಾಷೆಯೋ ಅಂತ ಕೇಳ್ಬೇಡಿ, ಅದಕ್ಕೆ ಬೇರೆ ಚರ್ಚೆಯೇ ಬೇಕು. 2011ರ ಜನಗಣತಿಯಲ್ಲಿ ಜನ ಬರೆಸಿದ ತಾಯ್ನುಡಿಯ ಹೆಸರುಗಳು 19,569. ಸೋಸಿ ಸೋಸಿ ಕೊನೆಗೆ 121 ಭಾಷೆ ಅಂತ ಪಟ್ಟಿ ಬಂತು, 10,000ಕ್ಕಿಂತ ಕಡಿಮೆ ಜನ ಇರೋವೆಲ್ಲ ಇತರೆ ಅನ್ನೋ ಡಬ್ಬಕ್ಕೆ. ಆ ಸೋಸೋ ಕೆಲಸದಲ್ಲಿ ಎಷ್ಟು ಭಾಷಾವಿಜ್ಞಾನ, ಎಷ್ಟು ರಾಜಕೀಯ ಅನ್ನೋದೇ ಒಂದು ಪೂರ್ತಿ ಸೆಮಿನಾರು.

ಶ್ರವಣ ಅಕ್ಕ

ಹೈದ, ನಿನ್ನ ಬ್ಯಾಳೆ ಬೇಲಿಗೆ ಒಂದು ಸಲಹೆ. ಧ್ವನಿ ವಿಶ್ಲೇಷಣೆಗೆ ಪ್ರಾಟ್ ಅಂತ ಉಚಿತ ಸಾಫ್ಟ್‌ವೇರ್ ಇದೆ, ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದವರದ್ದು. ಮೊಬೈಲಲ್ಲಿ ಅಜ್ಜಿ ಮಾತು ರೆಕಾರ್ಡ್ ಮಾಡಿ ಅದಕ್ಕೆ ಹಾಕು. ಸ್ವರದ ಮೇಲೆ ಕೆಂಪು ಚುಕ್ಕಿಗಳ ಪಟ್ಟಿ ಬರತ್ತೆ. ಎಲ್ಲಕ್ಕಿಂತ ಕೆಳಗಿನ ಪಟ್ಟಿ ಮೊದಲನೇ ಫಾರ್ಮೆಂಟ್, ಅಂದ್ರೆ ಬಾಯೊಳಗೆ ಜೋರಾಗಿ ಮೊಳಗೋ ಆವರ್ತನಗಳಲ್ಲಿ ಮೊದಲನೇದು. ಬಾಯಿ ಅಗಲ ಆದಷ್ಟೂ ಅದು ಮೇಲೆ ಏರತ್ತೆ. ಕಿವಿ ಹೇಳಿದ್ದನ್ನ ಕಣ್ಣಲ್ಲಿ ನೋಡಬಹುದು. ಫ್ಯಾನ್ ಆಫ್ ಮಾಡಿ ರೆಕಾರ್ಡ್ ಮಾಡು, ಮರೀಬೇಡ.

ಕೆರಗೋಡು ಹೈದ

ಎಲ್ರಿಗೂ ತುಂಬಾ ಥ್ಯಾಂಕ್ಸ್. ಮನೇಲಿ ಮಾತಾಡಿದೆ. ಎಂ.ಎ. ಅರ್ಜಿ ಹಾಕ್ತೀನಿ, ಜೊತೆಗೇ ಪೈಥಾನ್ ಕಲೀತೀನಿ ಅಂತ ಹೇಳಿದ ಮೇಲೆ ಅಪ್ಪ ಅರ್ಧ ಒಪ್ಪವ್ರೆ. ಪೈಥಾನ್ ಅಂದ್ರೆ ಏನು ಅಂತ ಕೇಳ್ಲಿಲ್ಲ, ಕಂಪ್ಯೂಟರ್ ಅಂದಿದ್ದೇ ಸಾಕಾಯ್ತು.

ಅಂದಹಾಗೆ ನಿನ್ನೆ ಅಜ್ಜಿ ಹತ್ರ ಕೂತು ಓಕಾರಕ್ಕೂ ಪಟ್ಟಿ ಮಾಡಿದೆ. ತ್ವಾಟ, ಗ್ವಾಡೆ, ದ್ವಾಸೆ, ಕ್ವಾಣ. ಈ ಕಡೆ ಕೋಳಿ, ಕೋಲು, ನೋಡು. ಅದೇ ಕಥೆ! ಸ್ವಾಮಾರ ಕೂಡ, ಸೋಮವಾರದ ಅಕಾರ ನೋಡಿ ಅಗಲ ಆಗಿದೆ. ಆದ್ರೆ ಹೋದ ಅನ್ನೋದಕ್ಕೆ ಅಜ್ಜಿ ಓದ ಅಂತಾರೆ. ಎಲ್ಲೋದ, ಯಾವಾಗೋದ. ಮುಂದೆ ಅಕಾರ ಇದೆ, ವ್ವಾದ ಆಗ್ಬೇಕಿತ್ತಲ್ಲ?

ಗಂಗೋತ್ರಿ ಹಳಬ

ಧಾರವಾಡದ ಕಡೆ ಹ್ವಾದ ಅಂತಾರೆ, ನಿನ್ನ ಲೆಕ್ಕಕ್ಕೆ ಅಲ್ಲಿ ಸರಿಹೋಗತ್ತೆ. ನಿಮ್ಮೂರಲ್ಲಿ ಯಾಕಿಲ್ಲ? ಹೋಗು, ಹೋಗಿ, ಹೋಗ್ತೀನಿ ಎಲ್ಲದರಲ್ಲೂ ಮುಂದೆ ಉ ಅಥವಾ ಇ, ಅವುಗಳ ಜೊತೆ ಹೊಂದಿಕೊಂಡು ಹೋದ ಕೂಡ ಹಾಗೇ ಉಳ್ಕೊಂಡಿರಬಹುದು, ಬ್ಯಾಡಿಯ ಥರಾನೇ ಉಲ್ಟಾ ದಿಕ್ಕಿಗೆ. ಆದ್ರೆ ಇದು ನನ್ನ ಊಹೆ. ಒಬ್ಬ ಅಜ್ಜಿ ಸಾಲದು. ಅಕ್ಕಪಕ್ಕದ ಊರಿನ ನಾಕು ಮನೆ ಸುತ್ತು, ಮೇದ, ನೋಯ್ತು, ತೋಯ್ದ ಥರದ ಕ್ರಿಯಾಪದಗಳನ್ನೂ ಹಿಡ್ಕೊಂಡು ಹೋಗು. ಬಂದದ್ದನ್ನ ಇಲ್ಲೇ ಹಾಕು, ನೋಡೋಣ.

ಪಾಂಡವಪುರದ ಮೇಷ್ಟ್ರು

ನಮ್ಮ ಮನೆಗೂ ಬಾ. ತಾಯಿಗೆ ಎಂಬತ್ತು ದಾಟಿದೆ, ಮಾತಿಗೇನೂ ಬರವಿಲ್ಲ.